ಮುಂದಿನ ಸಾಲಿನ ಅಕ್ಕ

ಮಡಿಸಿದ ಬಟ್ಟೆ, ಹೊಸ ದಿಂಬು, ಕರವಸ್ತ್ರ ಇದ್ದ ತಟ್ಟೆಯನ್ನು ಬಾದು ಎರಡೂ ಕೈಯಿಂದ ಹಿಂದಕ್ಕೆ ತಳ್ಳಿದ. ತಟ್ಟೆ ಹಿಡಿದಿದ್ದ ಜಿಫಾ ಒಂದು ಹೆಜ್ಜೆ ಸರಿದಳೇ ಹೊರತು ಬಾಗಿಲು ಬಿಟ್ಟು ಹೋಗಲಿಲ್ಲ. ಒಳಗೆ ಶವಪೆಟ್ಟಿಗೆಯಲ್ಲಿ ಅವಳ ಗಂಡ ಡಾಪಾ ಮಲಗಿದ್ದ. ಅವಳು ತಂದ ಬಟ್ಟೆ ಪೆಟ್ಟಿಗೆಯೊಳಗೆ ಹೋದರೆ ಅವಳು ಹೆಂಡತಿ. ಹೋಗದಿದ್ದರೆ, ಮೂವತ್ತಾರು ವರ್ಷ ಅವನಿಗೆ ಬೇಯಿಸಿ ಹಾಕಿದ ಯಾರೋ ಹೆಂಗಸು. ಮಾಂಪೊಂಗ್ ಊರಿನಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಬಾದು ಕೆಟ್ಟವನೇನಲ್ಲ. ಡಾಪಾನ ತಾಯಿಯ ಕುಲದ ಯಜಮಾನಿಕೆ ಅವನ ಪಾಲಿಗೆ ಬಂದು ಇನ್ನೂ ವರ್ಷವಾಗಿರಲಿಲ್ಲ. ಹೊಸ ಚಪ್ಪಲಿಯ ಹಾಗೆ ಅದು ಕಚ್ಚುತ್ತಿತ್ತು. ಹೆಣ ಕುಲಕ್ಕೆ ಸೇರಿದ್ದು, ಅದರ ವಿಷಯದಲ್ಲಿ ತಪ್ಪಾಗಬಾರದು. ಹೆಣ್ಣು ಕೇಳುವಾಗ ಕೊಡಬೇಕಾದ ಜಿನ್ ಮದ್ಯವನ್ನು ಹುಡುಗಿಯ ಮನೆಗೆ ಒಯ್ದವನು ಡಾಪಾನ ಗೆಳೆಯನಂತೆ. ನಮ್ಮ ಕುಲದವರು ಒಬ್ಬರೂ ಹೋಗಿರಲಿಲ್ಲವಂತೆ. ಸಾಕ್ಷಿಯಿಲ್ಲದ್ದು ಮದುವೆ ಹೇಗಾದೀತು ಎಂದು ಅವನು ಸಮಾಧಾನವಾಗಿಯೇ ಕೇಳಿದ. ಆ ಮದುವೆಯ ಕಾಲಕ್ಕೆ ಅವನಿನ್ನೂ ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ. ಆ ಕಾಲದವರಲ್ಲಿ ಉಳಿದವಳು ಡಾಪಾನ ಅಕ್ಕ ಬಿರಾಗೊ ಒಬ್ಬಳೇ. ಅವಳು ಸೂತಕದ ಕೆಂಪು ಬಟ್ಟೆ ಸುತ್ತಿಕೊಂಡು ಪೆಟ್ಟಿಗೆಯ ಪಕ್ಕ ಬೆಂಚಿನ ಮೇಲೆ ಬಾಯಿ ಬಿಗಿದುಕೊಂಡು ಕೂತಿದ್ದಳು. ತಮ್ಮನ ಮನೆಯ ಹೊಸ್ತಿಲನ್ನು ಅವಳು ದಾಟಿದ್ದು ಅವತ್ತೇ ಮೊದಲು.

ಅಂಗಳದ ಶಾಮಿಯಾನದ ಕೆಳಗೆ ಹಾಡು, ಬಿಸಿಲು, ಮಾತು ಎಲ್ಲ ಒಂದರಲ್ಲೊಂದು ಕರಗಿಹೋಗಿದ್ದವು. ಜನ ಡಾಪಾನ ಆಲ್ಬಮ್ಮುಗಳ ಮಾತಾಡುತ್ತಿದ್ದರು. ಫೋಟೋ ಯಾರು ಬೇಕಾದರೂ ತೆಗೆಯಲಿ, ಮದುವೆಯ ಆಲ್ಬಮ್ಮಿಗೆ ಮಾತ್ರ ಅವನೇ ಆಗಬೇಕಿತ್ತು. ಬಾರದವರನ್ನು, ಬರಲಾರದವರನ್ನು, ಸತ್ತವರನ್ನು ಸಹ ಅವನು ಹಳೆಯ ಫೋಟೋಗಳಿಂದ ಕತ್ತರಿಸಿ ತಂದು ಮದುವೆಯ ಗುಂಪಿನಲ್ಲಿ ಕೂರಿಸಿಬಿಡುತ್ತಿದ್ದ. ಬ್ರೆಡ್ಡು ಮಾರುವ ಹೆಂಗಸೊಬ್ಬಳು, ತಾನು ಮೂರು ವರ್ಷದವಳಿದ್ದಾಗ ತೀರಿಕೊಂಡ ಅಪ್ಪ ತನ್ನ ಮದುವೆಯಲ್ಲಿ ಮೊಣಕಾಲ ಮೇಲೆ ಟೊಪ್ಪಿ ಇಟ್ಟುಕೊಂಡು ಕೂತಿದ್ದಾನೆ ಎಂದಳು. ಈಗೀಗ ಅವನು ಅವತ್ತು ಕೆಮ್ಮಿದ್ದೂ ನೆನಪಿಗೆ ಬರುತ್ತದಂತೆ. ಯಾರೂ ನಗಲಿಲ್ಲ. ಊರಿನ ಅರ್ಧ ಜನಕ್ಕೆ ಅಂಥ ನೆನಪುಗಳಿದ್ದವು.

*

ಮೂವತ್ತಾರು ವರ್ಷದ ಹಿಂದೆ, ಅವರ ಮದುವೆಯಾಗಿ ವಾರ ಕಳೆದಿತ್ತು. ಡಾಪಾ ಕಿಟಕಿಯ ಬಳಿ ಕೂತು ತನ್ನದೇ ಆಲ್ಬಮ್ಮು ಕಟ್ಟುತ್ತಿದ್ದ. ಹುಳು ಬೀಳದಿರಲೆಂದು ಮರಗೆಣಸಿನ ಅಂಟಿಗೆ ಲವಂಗ ಹಾಕಿ ಕುದಿಸಿದ್ದ. ಮನೆಯೆಲ್ಲ ಅದೇ ವಾಸನೆ. ಚರ್ಚಿನ ಹಳೆಯ ಗುಂಪು ಫೋಟೋದಿಂದ ಬಿರಾಗೊಳನ್ನು ಕತ್ತರಿಸಿ, ಅಂಚು ಗೊತ್ತಾಗದಂತೆ ಹಿಂಬದಿಯನ್ನು ಮರಳುಕಾಗದದಲ್ಲಿ ಉಜ್ಜಿ ಉಜ್ಜಿ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿಸಿದ್ದ. ಚರ್ಚಿನಲ್ಲಿ ಬಿಸಿಲು ಬಿದ್ದದ್ದು ಎಡದಿಂದ, ಮದುವೆಯಲ್ಲಿ ಬಲದಿಂದ. ಅಕ್ಕನ ನೆರಳನ್ನು ಪೆನ್ಸಿಲ್ಲಿನಲ್ಲಿ ತಿದ್ದುವುದಕ್ಕೇ ಎರಡು ದಿನ ಹಿಡಿಯಿತು.

"ಬಾರದೆ ಇದ್ದೋರನ್ನ ಯಾಕ್ರೀ ಕೂರಿಸ್ತೀರ? ನೋಡಿದ್ರೆ ಮುಖಕ್ಕೆ ಉಗೀತಾರೆ," ಎಂದಳು ಜಿಫಾ.

"ಬರ್ತಾಳೆ. ತಡ ಮಾಡ್ತಾಳೆ, ಅಷ್ಟೆ."

"ಅದೂ ಮುಂದಿನ ಸಾಲಲ್ಲಿ?"

"ಅಮ್ಮ ಇದ್ದಿದ್ರೆ ಕೂರ್ತಿದ್ದ ಜಾಗ ಕಣೇ ಅದು. ನನ್ನನ್ನ ಸಾಕಿದೋಳು ಅವಳೇ ತಾನೆ?"

ಸಾಕಿದವಳು ತಾನೇ ಹುಡುಗಿಯನ್ನೂ ನೋಡಿಟ್ಟಿದ್ದಳು. ತಮ್ಮ ಆ ಹುಡುಗಿಯನ್ನು ಬಿಟ್ಟು ಸಮುದ್ರದ ಕಡೆಯ, ಬೇರೆ ಭಾಷೆಯ ಹುಡುಗಿಯನ್ನು ಹಿಡಿದದ್ದೇ ಅಕ್ಕನ ಸಿಟ್ಟು. ಅವನು ಪ್ರತಿ ಭಾನುವಾರ ಅಕ್ಕನ ಮನೆಗೆ ಹೋಗುತ್ತಿದ್ದ. ಅವಳು ಜಿಫಾಳ ಹೆಸರೆತ್ತುತ್ತಿರಲಿಲ್ಲ, ಅವನು ಆಲ್ಬಮ್ಮಿನ ಸುದ್ದಿ ಎತ್ತುತ್ತಿರಲಿಲ್ಲ. ಮಗಳು ಅಜೋವಾ ಮಾತು ಕಲಿತಾಗ ಫೋಟೋದ ಮೇಲೆ ಬೆರಳಿಟ್ಟು 'ಅತ್ತೆ' ಅಂದಳು. ಜಿಫಾ ಹೌದೆಂದಳು. ಆಮೇಲೆ ಅದನ್ನು ತಿದ್ದುವ ಮನಸ್ಸು ಯಾವತ್ತೂ ಬರಲಿಲ್ಲ.

*

ಈಗ ಆ ಅಜೋವಾಳೇ ಜನರನ್ನು ಸರಿಸಿಕೊಂಡು ಬಂದು ಬಾದುವಿನ ಎದುರು ಆಲ್ಬಮ್ಮು ತೆರೆದಳು. "ಕುಲದೋರು ಯಾರೂ ಬಂದಿರ್ಲಿಲ್ಲ ಅಂದ್ರಲ್ಲ ಮಾವ, ಇಲ್ನೋಡಿ, ಅತ್ತೇನೇ ಕೂತಿದಾರೆ."

ಜಿಫಾ ಆಲ್ಬಮ್ಮನ್ನೂ ಬಿರಾಗೊಳನ್ನೂ ನೋಡಿದಳು. ನಿಜ ಹೇಳಿದರೆ ಗಂಡನನ್ನು ಅವನ ಹೆಣದ ಮುಂದೆಯೇ ಸುಳ್ಳುಗಾರನನ್ನಾಗಿ ಮಾಡಿದ ಹಾಗೆ. ಸುಮ್ಮನಿದ್ದರೆ, ಆ ಮುದುಕಿ ಬಾಯಿಬಿಟ್ಟ ಕ್ಷಣವೇ ಅವನ ಮಾನವೂ ಹೋಯಿತು, ತನ್ನದೂ ಹೋಯಿತು. ಅವಳಿಗೆ ತನಗಿಂತ ಅವನ ಚಿಂತೆಯೇ ಹೆಚ್ಚಾಯಿತು.

ಬಾದು ಆಲ್ಬಮ್ಮನ್ನು ಒಯ್ದು ಬಿರಾಗೊಳ ಮಡಿಲಲ್ಲಿಟ್ಟ. "ದೊಡ್ಡಮ್ಮ, ಇದು ನೀವೇನಾ?"

ಬಿರಾಗೊ ಕನ್ನಡಕ ಹಾಕಿಕೊಂಡಳು. ಮೊದಲು ಅವಳಿಗೆ ಬಂದದ್ದು ಸಿಟ್ಟೇ. ಕೇಳದೆ, ಹೇಳದೆ ತನ್ನನ್ನು ಹೊತ್ತೊಯ್ದು ಕೂರಿಸಿದ್ದಾನೆ. ಆಮೇಲೆ ಕೂರಿಸಿದ ಜಾಗ ಕಂಡಿತು. ಮದುಮಗನ ಬಲಕ್ಕೆ, ತಾಯಿಯ ಕುರ್ಚಿ. ಆ ಮದುವೆಯ ದಿನ ಅವಳು ತನ್ನ ಮನೆಯಲ್ಲಿ ಬಾಗಿಲು ಹಾಕಿಕೊಂಡು ಬಾಳೆಕಾಯಿ ಸುಡಲು ಕೂತು ಎಲ್ಲವನ್ನೂ ಕರಕಲು ಮಾಡಿದ್ದಳು. ಮೂವತ್ತಾರು ವರ್ಷ ಪ್ರತಿ ಭಾನುವಾರ ಎದುರು ಕೂತು ಉಂಡವನು ಇದೊಂದನ್ನೂ ಹೇಳಲಿಲ್ಲವಲ್ಲ.

"ನಾನಲ್ದೆ ಇನ್ಯಾರು," ಎಂದಳು. "ಸೆಕೆ ಅಂದ್ರೆ ಸೆಕೆ ಅವತ್ತು. ಜಿನ್ನು ಬಿಸಿನೀರಾಗಿತ್ತು."

"ಮತ್ತೆ ಇಷ್ಟೊತ್ತು ಸುಮ್ನಿದ್ರಲ್ಲ?"

"ನೀನು ಕೇಳಿದ್ದು ಈಗ."

ಹೇಳುತ್ತ ಹೋದಂತೆ ಅವಳಿಗೇ ನೆನಪು ಬರತೊಡಗಿತು. ಮದುಮಗಳು ಲಂಗದ ಅಂಚು ತುಳಿದು ಮುಗ್ಗರಿಸಿದ್ದು, ತಮ್ಮ ಹಿಡಿದುಕೊಂಡದ್ದು, ಯಾರದೋ ಕೂಸು ತನ್ನ ತೊಡೆಯ ಮೇಲೆ ನಿದ್ದೆ ಹೋದದ್ದು. ಇದರಲ್ಲಿ ಒಂದೂ ನಡೆದಿರಲಿಲ್ಲವೆಂದು ಜಿಫಾಳಿಗೆ ಗೊತ್ತು. ಆದರೂ ಮುಗ್ಗರಿಸಿದಾಗ ಅವನು ಹಿಡಿದ ಮೊಣಕೈ ಅವಳಿಗೆ ಈಗ ಬೆಚ್ಚಗಾಯಿತು.

"ನಿಂತೇ ಇದೀಯಲ್ಲಮ್ಮ," ಎಂದಳು ಬಿರಾಗೊ ಅವಳ ಕಡೆ ತಿರುಗಿ. ಅವಳು ಜಿಫಾಳನ್ನು ಮಾತಾಡಿಸಿದ್ದು ಅದೇ ಮೊದಲು. "ಒಳಗೆ ಬಾ. ನಿನ್ನ ಗಂಡನಿಗೆ ನೀನೇ ಹೊದಿಸು."

ಬಾದು ಎರಡೂ ಕೈ ಚಾಚಿ ತಟ್ಟೆ ತೆಗೆದುಕೊಂಡ. ಜಿಫಾ ಒಳಗೆ ಬಂದಳು.

ಪೆಟ್ಟಿಗೆಯ ಮುಚ್ಚಳ ಹಾಕುವವರೆಗೂ ಆಲ್ಬಮ್ಮು ಬಿರಾಗೊಳ ಮಡಿಲಲ್ಲೇ ಇತ್ತು. ಫೋಟೋದಲ್ಲಿ ಅವಳ ಎಡ ಭುಜದ ಹತ್ತಿರ ಕಾಗದದ ಅಂಚು ಕೂದಲೆಳೆಯಷ್ಟು ಎದ್ದಿತ್ತು. ಅಜೋವಾ ನೋಡಲೆಂದು ಪಕ್ಕದಲ್ಲಿ ಬಗ್ಗಿದಳು. ಮುದುಕಿ ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ ಆ ಅಂಚಿನ ಮೇಲೆ ಒತ್ತಿದಳು, ಅದು ಒಣಗುವವರೆಗೆ ಬೆರಳು ತೆಗೆಯಲಿಲ್ಲ.