ಅಂಪೈರನ ಗಂಟಲು

ಹಾಕಿ ನೋಡುವವರಿಗೆ ಆಟದ ಕಾಲ ಮುಖ್ಯ. ಹಾಕಿ ಗೊತ್ತಿರುವವರಿಗೆ ಆಟ ಮುಗಿದ ಮೇಲಿನ ಕಾಲ. ಪಂದ್ಯ ನಡೆಯುವಾಗ ಎಲ್ಲರಿಗೂ ಕಣ್ಣಿರುತ್ತದೆ, ಸುಳ್ಳು ಹೇಳುವುದು ಕಷ್ಟ. ಲೀಗು ಮುಗಿದು, ಗೋಲಿನ ಬಲೆ ಬಿಚ್ಚಿಟ್ಟು, ಯಾರನ್ನು ಮಾರುತ್ತಾರೆ ಯಾರನ್ನು ಕೊಳ್ಳುತ್ತಾರೆ ಎಂಬ ಮಾತು ಶುರುವಾದಾಗಲೇ ತಿಳಿದವರು ಯಾರು, ತೌಡು ಕುಟ್ಟುವವರು ಯಾರು ಎಂಬುದು ಗೊತ್ತಾಗುವುದು.

ಆ ಬೀದಿಯ ಕ್ಷೌರದಂಗಡಿಯಲ್ಲಿ ತಿಳಿದವನೆಂದರೆ ಅಂಪೈರು. ಅವನು ಬದುಕಿನಲ್ಲಿ ಒಮ್ಮೆಯೂ ಸೀಟಿ ಊದಿದವನಲ್ಲ. ಕಸುಬು ಕೊಳಾಯಿ ರಿಪೇರಿ. ಆದರೆ ಅಂಗಡಿಯ ಬೆಂಚಿನ ಮೇಲೆ ಕೂತು ತೀರ್ಪು ಕೊಟ್ಟನೆಂದರೆ ಮುಗಿಯಿತು, ಅದರ ಮೇಲೆ ಮಾತಿಲ್ಲ. ಊರಿನ ಕ್ಲಬ್ಬಿನ ಆಡಳಿತಕ್ಕೂ ತಲೆ ಇದೆ, ಆದರೆ ಅದು ಟೋಪಿ ಇಡಲಿಕ್ಕೆ ಎಂಬುದು ಅವನ ಮೂಲಭೂತ ಸಿದ್ಧಾಂತ. ಪೆನಾಲ್ಟಿ ಕಾರ್ನರ್ ಹೊಡೆಯಬಲ್ಲ ಒಬ್ಬನೇ ಒಬ್ಬನನ್ನು ಮಾರಿ, ಅವನ ಬದಲು ಎಡಗಡೆ ಓಡುವ ಇಬ್ಬರನ್ನು ತಂದ ವರ್ಷ ಅವನು, "ಇಬ್ಬರೂ ಎಡಕ್ಕೇ ಓಡಿದ್ರೆ ಬಲಕ್ಕೆ ಯಾರು, ಮ್ಯಾನೇಜರ್ ಮಾವನಾ?" ಎಂದು ಕೇಳಿದ್ದ. ಆ ಪ್ರಶ್ನೆ ಬಸ್ ನಿಲ್ದಾಣದ ತನಕ ಹೋಗಿ, ಬೇರೆ ಯಾರದೋ ಹೆಸರಿನಲ್ಲಿ ವಾಪಸು ಬಂದಿತ್ತು. ಅವನು ಬೇಜಾರು ಮಾಡಿಕೊಳ್ಳಲಿಲ್ಲ. ಒಳ್ಳೆಯ ಮಾತಿಗೆ ಕಾಲಿರುತ್ತದೆ ಎಂದ.

ತಂಡದಲ್ಲಿ ಅವನ ನಾಲಿಗೆಯಿಂದ ಪಾರಾದವನು ಒಬ್ಬನೇ, ಎಲ್ಲರೂ 'ಗೋಡೆ' ಎನ್ನುತ್ತಿದ್ದ ಹಳೆಯ ಗೋಲ್‌ಕೀಪರು. ಗೋಲು ಬಿದ್ದರೆ ಆತ ತಡೆಯಬೇಕಿದ್ದ ಬ್ಯಾಕುಗಳ ಕಡೆ ಕೈ ತೋರಿಸುತ್ತಿರಲಿಲ್ಲ. ತಾನೇ ಬಗ್ಗಿ ಬಲೆಯಿಂದ ಚೆಂಡು ತೆಗೆದು, ಮಗುವನ್ನು ಸ್ಕೂಲಿಗೆ ಕಳಿಸುವವರ ಹಾಗೆ ಅದನ್ನು ಮೆಲ್ಲಗೆ ನಡುಗೆರೆಗೆ ಉರುಳಿಸುತ್ತಿದ್ದ. ಅಂಥ ಒಬ್ಬ ಆಡಳಿತದಲ್ಲಿದ್ದಿದ್ದರೆ ಸಾಕಿತ್ತು ಎನ್ನುತ್ತಿದ್ದ ಅಂಪೈರು.

ಹೀಗಿರುವಾಗ ಅವನ ಮಂಡಿ ಕೈಕೊಟ್ಟಿತು. ಸಿಂಕಿನ ಕೆಳಗೆ ಕೂತರೆ ಏಳಲಾಗದು. ಒಂದು ಮನೆಯಲ್ಲಿ ಯಜಮಾನಿಯೇ ಕೈಹಿಡಿದು ಎಬ್ಬಿಸಿದಳು. ಎಬ್ಬಿಸಿದವಳು ಮತ್ತೆ ಕರೆಯಲಿಲ್ಲ. ಒಬ್ಬೊಬ್ಬರಾಗಿ ಉಳಿದವರೂ ಕರೆಯುವುದು ಬಿಟ್ಟರು. ಆಗ ಹೆಂಡತಿಯ ತಮ್ಮ, ಕ್ಲಬ್ಬಿನ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು, ಮೈದಾನಕ್ಕೆ ನೀರು ಬಿಡುವ ಕೆಲಸ ಕೊಡಿಸಿದ. ಆಟವಿಲ್ಲದ ಕಾಲದಲ್ಲೂ ಆ ಕೃತಕ ಹುಲ್ಲಿನ ಹಸಿರು ಟರ್ಫು ಬೆಳಿಗ್ಗೆಯ ಅಭ್ಯಾಸಕ್ಕೆ ಒದ್ದೆಯಾಗಿರಬೇಕು. ಒಣಗಿದರೆ ಚೆಂಡು ಪುಟಿಯುತ್ತದೆ, ಬಿದ್ದವರ ಚರ್ಮ ಸುಲಿಯುತ್ತದೆ. ಪೈಪು ಹಿಡಿದು ನಿಂತರಾಯಿತು, ಕೂರುವ ಪ್ರಶ್ನೆಯೇ ಇಲ್ಲ. ಮಂಡಿಗೆ ಹೇಳಿ ಮಾಡಿಸಿದ ಕೆಲಸ.

ಬಾಯಿಗೆ ಅಲ್ಲ. ಮೊದಲ ದಿನವೇ ಮ್ಯಾನೇಜರು ಕರೆದು ಹೇಳಿದ: "ಒಳಗೆ ಕಂಡಿದ್ದು, ಕೇಳಿದ್ದು ಒಳಗೇ ಇರಬೇಕು. ಗೇಟು ದಾಟಿದ ಮೇಲೆ ಹಾಕಿ ಆಡೋಕೆ ಎಷ್ಟು ಜನ ಬೇಕು ಅನ್ನೋದೂ ನಿನಗೆ ಗೊತ್ತಿಲ್ಲ. ಒಂದು ಮಾತು ಹೊರಗೆ ಬಂತೋ, ಮಾರನೇ ದಿನ ನೀನು ಬರೋದು ಬೇಡ."

ಅಂಪೈರು ಆಗಲಿ ಸಾರ್ ಎಂದ. ಎಂದ ಮೇಲೆ ಅರ್ಥವಾಯಿತು, ತನ್ನ ಹತ್ತಿರ ಇದ್ದ ಒಂದೇ ಆಸ್ತಿಯನ್ನು ಬರೆದುಕೊಟ್ಟೆ ಎಂದು.

ಕೆಲಸ ಸಿಕ್ಕ ಸುದ್ದಿಗೆ ಅಂಗಡಿಯಲ್ಲಿ ಹಬ್ಬವೋ ಹಬ್ಬ. ನಮ್ಮವನೊಬ್ಬ ಒಳಗೆ ಹೋದ, ಇನ್ನು ಕ್ಲಬ್ಬು ಗಾಜಿನ ಡಬ್ಬಿ ಎಂದು ದಿನಾ ಬೆಂಚಿನ ಮೇಲೆ ಕೂರುವ ಟೈಲರು ಎಲ್ಲರಿಗೂ ಚಹಾ ಹೇಳಿದ. ಅಂಪೈರು ಚಹಾ ಕುಡಿದು ಲೋಟ ಕೆಳಗಿಟ್ಟ. ಹೊಸ ಕೋಚು ಹೇಗೆ ಎಂದರೆ ಬಿಸಿಲು ಜಾಸ್ತಿ ಎಂದ. ಸೆಂಟರ್ ಫಾರ್ವರ್ಡು ಬರುತ್ತಾನಂತಲ್ಲ ಎಂದರೆ ಕಿಟಕಿ ನೋಡಿದ. ಅವನು ಕಿಟಕಿ ನೋಡಿದ್ದರಿಂದ ಫಾರ್ವರ್ಡು ಹೊರದೇಶದವನು ಎಂದು ಅಂದೇ ಸಂಜೆ ತೀರ್ಮಾನವಾಯಿತು.

ಅವನಿಗೆ ಭಯ ಹತ್ತಿದ್ದು ಆಗ. ಮಾತಾಡುತ್ತಿದ್ದ ಕಾಲದಲ್ಲಿ ಅವನ ಮಾತಿಗೆ ಅರ್ಧ ಜನ ನಗುತ್ತಿದ್ದರು, ಅರ್ಧ ಜನ ಜಗಳಕ್ಕೆ ಬರುತ್ತಿದ್ದರು. ಈಗ ಅವನ ಮೌನವನ್ನು ಎಲ್ಲರೂ ನಂಬುತ್ತಿದ್ದರು. ಹೌದು ಎಂದರೆ ಸುದ್ದಿ, ಇಲ್ಲ ಎಂದರೆ ಸುದ್ದಿ, ಸುಮ್ಮನಿದ್ದರೆ ಇನ್ನೂ ದೊಡ್ಡ ಸುದ್ದಿ. ಅಂಗಡಿಗೆ ಹೋಗುವುದನ್ನೇ ಬಿಟ್ಟು ನೋಡಿದ. ಏನೋ ಭಾರೀ ನಡೆದಿದೆ, ಮುಖ ತೋರಿಸಲಾರದೆ ಕೂತಿದ್ದಾನೆ ಎಂದರು. ಗಡ್ಡ ಬಿಡೋಣವೆಂದರೆ ಕ್ಲಬ್ಬಿನ ನೌಕರರು ಗಡ್ಡ ಬಿಡುವಂತಿಲ್ಲ. ಮನೆಯಲ್ಲೇ ಬ್ಲೇಡು ಹಿಡಿದರೆ ಗಲ್ಲ ಅಲ್ಲಲ್ಲಿ ಕೊಯ್ದುಹೋಗಿ, ಆ ಗಾಯಗಳಿಂದ ಕೋಚೂ ಕ್ಯಾಪ್ಟನ್ನೂ ಕೈಕೈ ಮಿಲಾಯಿಸಿದರು, ಬಿಡಿಸಲು ಹೋದ ಅಂಪೈರಿಗೂ ಬಿತ್ತು ಎಂಬ ವರದಿ ಹುಟ್ಟಿತು. ಕೊನೆಗೆ ಹೆಂಡತಿ, "ರೀ, ಮುಖ ಕುಯ್ಕೊಂಡು ಸುದ್ದಿ ಮಾಡೋದಕ್ಕಿಂತ ಅಂಗಡೀಲೇ ಮಾಡಿಸ್ಕೊಂಡು ಬನ್ನಿ. ಬಾಯಿ ಮುಚ್ಕೊಂಡು ಕೂತ್ರಾಯ್ತು" ಎಂದಳು.

ಅದೇ ವಾರದಲ್ಲಿ ಅವನು ಕೇಳಬಾರದ್ದನ್ನು ಕೇಳಿದ. ಮ್ಯಾನೇಜರಿಗೆ ಒಂದು ಅಭ್ಯಾಸವಿತ್ತು. ಗುಟ್ಟಿನ ಮಾತೆಲ್ಲ ಅವನು ಆಡುವುದು ಮೈದಾನದ ನಟ್ಟನಡುವೆ ನಡೆಯುತ್ತ. ಕಚೇರಿಯಲ್ಲಿ ಹತ್ತು ಜನ ಓಡಾಡುತ್ತಾರೆ, ಅಲ್ಲಿ ಯಾರೂ ಇಲ್ಲ. ಪೈಪು ಹಿಡಿದವನೊಬ್ಬನಿದ್ದ, ಆದರೆ ಅವನನ್ನು ಪೈಪಿನ ಜೊತೆಗೇ ಲೆಕ್ಕ ಹಾಕಿದ್ದರು. ಅಂದು ಕೋಚಿನ ಜೊತೆ ಬಂದ ಮ್ಯಾನೇಜರು, ಗೋಡೆಯ ಕಾಲು ನಿಧಾನವಾಗಿದೆ, ಕೊಳ್ಳುವವರು ಸಿಕ್ಕಿದ್ದಾರೆ, ಕ್ಲಬ್ಬಿನ ಧಣಿಗಳೂ ಒಪ್ಪಿದ್ದಾರೆ, ಊರಿಗೆ ಗೊತ್ತಾಗುವ ಮೊದಲು ಸಾಗಹಾಕಬೇಕು ಎಂದ. ಅಂಪೈರನ ಕೈಯಲ್ಲಿ ಪೈಪು ಒಂದೇ ಕಡೆ ನಿಂತುಬಿಟ್ಟಿತು. ನಡುಗೆರೆಯ ಮೇಲೆ ಕೆರೆಯಾಯಿತು. ಮ್ಯಾನೇಜರು ತನ್ನ ಬೂಟು ನೋಡಿಕೊಂಡು ಏಯ್ ನೀರು ಎಂದು ಮುಂದೆ ನಡೆದ.

ಮರುದಿನ ಗಡ್ಡಕ್ಕೆ ಹೋದ. ಕುರ್ಚಿ ಹಿಂದಕ್ಕೆ ಬಾಗಿತು, ಕತ್ತಿನ ಸುತ್ತ ಬಟ್ಟೆ ಬಿಗಿಯಿತು, ಎರಡೂ ಕೈ ಬಟ್ಟೆಯೊಳಗೆ. ಎದುರಿನ ಕನ್ನಡಿಯಲ್ಲಿ ಬೆಂಚಿನವರ ಕಣ್ಣೆಲ್ಲ ಅವನ ಮುಖದ ಮೇಲೆ. ಅಂಪೈರು ಕಣ್ಣು ಮುಚ್ಚಿದ, ತುಟಿ ಮುಚ್ಚಿದ. ಮುಖವನ್ನೆಲ್ಲ ನೊರೆ ಮುಚ್ಚಿತ್ತು. ಇದಕ್ಕಿಂತ ಭದ್ರವಾದ ಜಾಗ ಊರಿನಲ್ಲಿಲ್ಲ ಎಂದುಕೊಂಡ.

ಕ್ಷೌರಿಕ ಕತ್ತಿಯನ್ನು ಗಂಟಲಿನ ಮೇಲೆ ಇಟ್ಟು, ತನ್ನ ಪಾಡಿಗೆ ತಾನು ಅನ್ನುವಂತೆ ಹೆಸರುಗಳನ್ನು ಹೇಳುತ್ತ ಹೋದ. ಎಡಗಡೆಯ ಇಬ್ಬರು ಉಳೀತಾರೋ ಏನೋ. ಸೆಂಟರ್ ಹಾಫು ಇರಬಹುದು. ಗೋಡೆ?

ಅಂಪೈರು ಉಗುಳು ನುಂಗಿದ.

ಕಣ್ಣಿಗೆ ಕಾಣುವಂಥದ್ದಲ್ಲ ಅದು. ಆದರೆ ಕತ್ತಿಯ ಕೆಳಗೆ ಗಂಟಲಿನ ಗಂಟು ಮೇಲೇರಿ ಇಳಿದದ್ದು ಕ್ಷೌರಿಕನ ಬೆರಳಿಗೆ ತಿಳಿಯಿತು. ಅವನು ಕತ್ತಿ ಎತ್ತಿ ಬೆಂಚಿನ ಕಡೆ ತಿರುಗಿ, "ಗೋಡೆ ಹೋಯ್ತು" ಎಂದ.

ಬೆಳಗಾಗುವುದರಲ್ಲಿ ಊರಿಗೆಲ್ಲ ಗೊತ್ತು. ಗೇಟಿನ ಮುಂದೆ ಜನ ಸೇರಿ, ಗೋಡೆಯನ್ನು ಮಾರುವುದಾದರೆ ಕ್ಲಬ್ಬನ್ನೂ ಮಾರಿಬಿಡಿ ಎಂದು ಕೂಗಿದರು. ಭಾವಮೈದ ಕಚೇರಿಯಿಂದ ಬೆವರು ಒರೆಸಿಕೊಳ್ಳುತ್ತ ಬಂದು, "ಭಾವ, ನೀವು ಹೋಗೋದಿದ್ರೆ ಹೋಗಿ, ನನ್ನನ್ನೂ ಯಾಕೆ ಎಳ್ಕೊಂಡು ಹೋಗ್ತೀರಿ?" ಎಂದ. ಬಾಯಿ ಬಿಟ್ಟಿಲ್ಲ ಎಂದು ಅಂಪೈರು ಆಣೆ ಮಾಡಿದ. ನಂಬುವವರಿಲ್ಲ. ಬದುಕಿಡೀ ಬಾಯಿ ಮುಚ್ಚದವನು ಅದೊಂದು ದಿನ ಮುಚ್ಚಿದ್ದೆ ಎಂದರೆ ಯಾರು ನಂಬುತ್ತಾರೆ?

ಅದಕ್ಕಿಂತ ಕಷ್ಟದ್ದು ನಲ್ಲಿಯ ಹತ್ತಿರ ನಡೆಯಿತು. ಪ್ಯಾಡು ಒಯ್ಯಲು ಬಂದ ಗೋಡೆ, ನಲ್ಲಿಗೆ ಬಾಯಿಕೊಟ್ಟು ನೀರು ಕುಡಿದು, ತುಟಿ ಒರೆಸಿಕೊಂಡು ಕೇಳಿದ: "ಅಣ್ಣ, ನಿಜವಾ?"

ಹೇಳುವುದು ಎಷ್ಟಿತ್ತು. ನೀನು ಹೋದರೆ ಇವರ ಬ್ಯಾಕುಗಳನ್ನು ಬೈಯದೆ ಆಡಿಸುವವರಿಲ್ಲ, ನಿನ್ನ ಕಾಲು ನಿಧಾನವಾದರೆ ಕಣ್ಣು ಬೇಗ, ಇವರಿಗೆ ಅದನ್ನು ಅಳೆಯುವ ಕೋಲು ಗೊತ್ತಿಲ್ಲ ಎಂದು ಅಂಗಡಿಯಲ್ಲಿ ಗಂಟೆಗಟ್ಟಲೆ ಹೇಳಿದ್ದನ್ನೇ ಒಮ್ಮೆ ಅವನ ಮುಖ ನೋಡಿ ಹೇಳಬಹುದಿತ್ತು. ಕಚೇರಿಯ ಕಿಟಕಿ ತೆರೆದಿತ್ತು. ಅಂಪೈರು ಪೈಪಿನ ಗಂಟು ಬಿಡಿಸುತ್ತ ನಿಂತ. ಗೋಡೆ ಸರಿ ಎಂದು, ಪ್ಯಾಡು ಹೆಗಲಿಗೇರಿಸಿಕೊಂಡು ಹೋದ. ಇವನ ಕಡೆಗೂ ಕೈ ತೋರಿಸಲಿಲ್ಲ.

ಮಧ್ಯಾಹ್ನ ಮ್ಯಾನೇಜರು ಕರೆಸಿದ. ಅಂಪೈರು ಕ್ಲಬ್ಬಿನ ರಬ್ಬರ್ ಬೂಟು ಬಿಚ್ಚಿ, ತೊಳೆದು, ಬಾಗಿಲ ಹೊರಗೆ ಜೋಡಿಸಿಟ್ಟೇ ಒಳಗೆ ಹೋದ.

"ನಾನು ಬಾಯಿ ಬಿಟ್ಟಿಲ್ಲ ಸಾರ್. ಗಂಟಲು ಆಡ್ತು."

ಮ್ಯಾನೇಜರು ಪೂರ್ತಿ ಕೇಳಿಸಿಕೊಂಡ. ಬೈಯಲಿಲ್ಲ. ಎದ್ದು ಬಂದು, ಕೊಳ್ಳಬೇಕೆಂದಿರುವ ಆಟಗಾರನ ತೊಡೆ ನೋಡುವ ಹಾಗೆ ಅವನ ಗಂಟಲನ್ನು ನೋಡಿದ. ಆಮೇಲೆ ಕುರ್ಚಿ ತೋರಿಸಿದ. ಅಂಪೈರು ಮಂಡಿ ನೆನೆದು ನಿಂತೇ ಇದ್ದ.

ಮ್ಯಾನೇಜರಿನ ಯೋಜನೆ ಸರಳವಾಗಿತ್ತು. ಜನ ಗೋಡೆಯ ಹಿಂದೆ ಬಿದ್ದಿದ್ದಾರೆ, ಧಣಿಗಳು ಹೆದರಿದ್ದಾರೆ. ನಾಳೆ ಅಂಪೈರು ಮತ್ತೆ ಗಡ್ಡಕ್ಕೆ ಹೋಗಬೇಕು. ಅವರು ಹೆಸರು ಹೇಳುತ್ತಾರೆ. ಕ್ಯಾಪ್ಟನ್ ಎಂದಾಗ ನುಂಗಬೇಕು, ಉಳಿದ ಯಾವ ಹೆಸರಿಗೂ ನುಂಗಬಾರದು. ಊರಿಗೆ ಊರೇ ಕ್ಯಾಪ್ಟನ್ನನ್ನು ಉಳಿಸಲು ಓಡುತ್ತದೆ. ಆ ಗದ್ದಲದಲ್ಲಿ ಗೋಡೆಯನ್ನು ಕಳಿಸಿ, ಕ್ಯಾಪ್ಟನ್ನನ್ನು ಮಾರುವುದಿಲ್ಲ ಎಂದು ಸಾರಿದರೆ ಜನ ಕುಣಿಯುತ್ತಾರೆ.

"ನುಂಗದೆ ಹೋದ್ರೆ ಸಾರ್?"

"ಪೈಪು ಹಿಡಿಯೋಕೆ ಯಾರಾದ್ರೂ ಸಿಗ್ತಾರೆ."

ಹೊರಗೆ ಬಂದು ಬೂಟು ಹಾಕಿಕೊಳ್ಳುವಾಗ ಅಂಪೈರು, ಇಷ್ಟು ವರ್ಷದ ತನ್ನ ತೀರ್ಪೊಂದನ್ನು ತಿದ್ದಿಕೊಳ್ಳಬೇಕಾಯಿತು. ಆಡಳಿತಕ್ಕೆ ತಲೆ ಇತ್ತು. ಹಾಕಿಗೆ ಬಳಸುತ್ತಿರಲಿಲ್ಲ, ಅಷ್ಟೇ. ಇಂಥ ಮಾತು ಹೊಳೆದದ್ದೇ ಅಪರೂಪ, ಹೇಳಲು ಮಾತ್ರ ಊರಿನಲ್ಲಿ ಒಂದು ಕಿವಿಯೂ ಉಳಿದಿರಲಿಲ್ಲ.

ಹೆಂಡತಿಗೆ ಹೇಳಿದ. ಅವಳು ಬಟ್ಟೆ ಮಡಿಸುತ್ತ ಕೇಳಿದಳು. "ನುಂಗೋದು ತಾನೇ? ದಿನಾ ಊಟಕ್ಕೆ ಕೂತಾಗ ಮಾಡ್ತೀರಲ್ಲ," ಎಂದಳು. ಮಡಿಸಿದ್ದನ್ನು ಪಕ್ಕಕ್ಕಿಟ್ಟು, ಮಂಡಿಗೆ ಎಣ್ಣೆ ಬಿಸಿ ಮಾಡಲೇ ಎಂದಳು. ಆ ಎರಡನೆಯ ಮಾತಿನಲ್ಲೇ ಎಲ್ಲ ಇತ್ತು. ಈ ಕೆಲಸ ಹೋದರೆ ಈ ಮಂಡಿಗೆ ಇನ್ನೊಂದು ಕೆಲಸವಿಲ್ಲ.

ಮರುದಿನ ಅಂಗಡಿಯಲ್ಲಿ ಬೆಂಚು ಸಾಲದೆ ಜನ ನಿಂತಿದ್ದರು. ಬೇರೆ ಯಾರಿಗೂ ಕ್ಷೌರ ಬೇಕಿರಲಿಲ್ಲ. ಟೈಲರು ಎದ್ದು, ಮದುಮಗನನ್ನು ಕೂರಿಸುವ ಹಾಗೆ ಅಂಪೈರನನ್ನು ಕುರ್ಚಿಯ ತನಕ ಬಿಟ್ಟ. ಕುರ್ಚಿ ಬಾಗಿತು. ಬಟ್ಟೆ ಬಿಗಿಯಿತು. ಕೈಗಳು ಒಳಗೆ ಸೇರಿಕೊಂಡವು. ನೊರೆಯ ತಂಪು ಕಿವಿಯ ತನಕ ಬಂತು, ಹಿಂದೆಯೇ ಕತ್ತಿಯ ಅಂಚು ಗಂಟಲಿಗೆ ತಗಲಿತು.

"ಎಡಗಡೆಯ ಇಬ್ರು?" ಎಂದ ಕ್ಷೌರಿಕ. ಅಂಪೈರು ಬಿಗಿಹಿಡಿದ.

"ಹೊಸ ಕೋಚು?" ಹಿಡಿದ.

"ಕ್ಯಾಪ್ಟನ್?"

ಈಗ. ಅಂಪೈರು ನುಂಗಲು ಹೋದ. ನುಂಗಲು ಬಾಯಿಯಲ್ಲಿ ಏನೂ ಇರಲಿಲ್ಲ. ದಿನವಿಡೀ ಮೈದಾನಕ್ಕೆ ನೀರು ಬಿಡುವವನ ಬಾಯಿ ಸುಣ್ಣದ ಗೂಡಿನ ಹಾಗೆ ಒಣಗಿತ್ತು. ಇನ್ನೊಮ್ಮೆ ಹೆಣಗಿದ. ನಾಲಿಗೆ ಅಂಗುಳಿಗೆ ಅಂಟಿಕೊಂಡು ಅಲ್ಲೇ ಕೂತಿತು. ಬಟ್ಟೆಯೊಳಗೆ ಅವನ ಬೆರಳುಗಳು ಒಂದನ್ನೊಂದು ಹಿಸುಕಿದವು.

"ಕ್ಯಾಪ್ಟನ್ ಉಳಿದ," ಎಂದು ಕ್ಷೌರಿಕ ಸಾರಿದ. ಬೆಂಚಿನ ಕಡೆಯಿಂದ ನಿಟ್ಟುಸಿರು ಬಂತು. ಕೆಲಸ ಹೋಯಿತು ಎಂದು ಅಂಪೈರಿಗೆ ಗೊತ್ತಾಯಿತು. ಹಾಗೆ ಗೊತ್ತಾದದ್ದೇ ತಡ, ಬಾಯಿಯ ಮೂಲೆಗಳಲ್ಲಿ ನೀರು ಊರತೊಡಗಿತು.

"ಗೋಡೆ?"

ಊರಿದ್ದನ್ನೆಲ್ಲ ಅಂಪೈರು ಹಲ್ಲಿನ ಹಿಂದೆ ಕಟ್ಟಿ ಹಿಡಿದ. ಕಿವಿಯಲ್ಲಿ ಗುಂಯ್ ಎಂದಿತು. ಕ್ಷೌರಿಕ ಆತುರಪಡಲಿಲ್ಲ, ಕತ್ತಿಯನ್ನು ಇಟ್ಟಲ್ಲೇ ಇಟ್ಟು ಇನ್ನೊಮ್ಮೆ ಗೋಡೆ ಎಂದ. ಗಂಟಲು ಅಲುಗಲಿಲ್ಲ.

"ಇವತ್ತು ಗೋಡೆಗೂ ಅಲುಗಲಿಲ್ಲ. ಉಳಿಸಿಕೊಂಡ ಹಾಗಿದೆ."

"ಎಲ್ಲರೂ ಉಳಿದ್ರೆ ಹೋಗೋನು ಯಾರಯ್ಯ," ಎಂದು ಟೈಲರು ಹಿಂದಿನಿಂದ ನಕ್ಕ. "ಮ್ಯಾನೇಜರಾ?"

ಅಂಪೈರನ ಗಂಟಲು ಮೇಲೇರಿ ಇಳಿಯಿತು.

ಬೇಕೆಂದು ನುಂಗಿದನೋ, ಕಟ್ಟಿ ಹಿಡಿದದ್ದು ತಾನಾಗಿ ಒಡೆಯಿತೋ ಎಂಬುದಕ್ಕೆ ಆಮೇಲೆ ಅವನಿಗೇ ತೀರ್ಪು ಕೊಡಲಾಗಲಿಲ್ಲ. ಆದರೆ ಕತ್ತಿ ನಿಂತಿತು. ಕ್ಷೌರಿಕ ಈ ಸಲ ಬೆಂಚಿನ ಕಡೆ ತಿರುಗಲೂ ಇಲ್ಲ, ಕನ್ನಡಿಯಲ್ಲೇ ಟೈಲರಿನ ಕಣ್ಣು ಹುಡುಕಿದ. ಟೈಲರು ಪೇಪರನ್ನು ಮಡಿಸಿ ಕಂಕುಳಿಗೆ ಇಟ್ಟುಕೊಂಡು, ಚಪ್ಪಲಿ ಹುಡುಕಿ ಹೊರಗೆ ಹೋದ. ಅವನ ಹಿಂದೆ ಇನ್ನಿಬ್ಬರು. ಬೀದಿಯಲ್ಲಿ ಅವರ ನಡಿಗೆ ಓಟವಾದದ್ದು ಕುರ್ಚಿಯ ತನಕ ಕೇಳಿಸಿತು.

ಅಲ್ಲ ಎನ್ನಬೇಕೆಂದು ಅಂಪೈರು ತುಟಿ ಬಿಚ್ಚಿದ. ಅಲ್ಲ ಎಂದರೆ ಅದೂ ಒಂದು ಮಾತಾಗುತ್ತದೆ, ಒಳಗಿನ ಮಾತು ಹೊರಗೆ ಬಂದಂತಾಗುತ್ತದೆ. ಮುಚ್ಚಿದ. ನಾಳೆ ಬೆಳಿಗ್ಗೆ ಗೇಟಿನ ಮುಂದೆ ಜನ ಏನು ಕೂಗುತ್ತಾರೆ, ಅದನ್ನು ಕೇಳಿ ಹೆದರಿದ ಧಣಿಗಳು ಏನು ಮಾಡುತ್ತಾರೆ, ಪೈಪು ಯಾರ ಕೈಯಲ್ಲಿರುತ್ತದೆ ಎಂಬುದನ್ನೆಲ್ಲ ಯೋಚಿಸುತ್ತ, ಕೈಗಳನ್ನು ಬಟ್ಟೆಯೊಳಗೇ ಬಿಟ್ಟು, ಬಾಗಿದ ಕುರ್ಚಿಯಲ್ಲಿ ಚಾವಣಿ ನೋಡುತ್ತ ಮಲಗಿದ.

ಕ್ಷೌರಿಕ ಕತ್ತಿಯನ್ನು ಒರೆಸಿದ. ಅವನ ದನಿಯಲ್ಲಿ ಹಿಂದೆಂದೂ ಇಲ್ಲದ ಗೌರವವಿತ್ತು.

"ಅಂಪೈರೇ, ಇನ್ನೊಂದು ಸಲ ಕತ್ತಿ ಎಳೀಲಾ?"

ಯಾವ ಸುದ್ದಿಯೂ ಆಗಲಾರದ ಪ್ರಶ್ನೆಯೊಂದು ಎಷ್ಟೋ ದಿನದ ಮೇಲೆ ಬಂದಿತ್ತು. ಅದಕ್ಕೆ ಅಂಪೈರು ಬಾಯಿ ತುಂಬ ಉತ್ತರ ಕೊಟ್ಟ.

"ಎಳಿ."