ಹೊರಟ ರವಿಕೆ

‘ನಾಳೆ ಬನ್ನಿ’ ಎಂದು ಹೇಳಿ ಹೇಳಿ ಸಾಕಾಗಿ, ಶಿವಾಜಿನಗರದ ದರ್ಜಿ ಇಲಿಯಾಸ್ ಫೋನಿನಲ್ಲಿ ಒಂದು ಏರ್ಪಾಡು ಮಾಡಿಸಿಕೊಂಡಿದ್ದ. ಮಾತು ಕೊಟ್ಟ ದಿನ ‘ನಿಮ್ಮ ಬಟ್ಟೆ ಹೊರಟಿದೆ’ ಎಂಬ ಮೆಸೇಜು ಗಿರಾಕಿಗೆ ತಾನಾಗಿಯೇ ಹೋಗುತ್ತಿತ್ತು, ಹೊಲಿಗೆ ಮುಗಿದಿರಲಿ ಬಿಡಲಿ.

ಆ ಬೆಳಿಗ್ಗೆ ಕುಕ್ ಟೌನಿನ ಕಾಶಮ್ಮ ಫೋನ್ ಮಾಡಿದರು. “ಇಲಿಯಾಸಣ್ಣ, ರವಿಕೆ ಹೊರಟಿದೆ ಅಂತ ಬಂತು. ಮೊಮ್ಮಗಳ ನಾಮಕರಣಕ್ಕೆ ಹೋಗ್ಬೇಕು, ಗೇಟ್ ಹತ್ರಾನೇ ನಿಂತಿದೀನಿ. ಎಲ್ಲಿಗೆ ಬಂತು?”

ಬಟ್ಟೆ ಕತ್ತರಿ ಕಾಣದೆ ಅವನ ಮುಂದೆ ಮಡಿಸಿಟ್ಟಂತೆಯೇ ಇತ್ತು. ‘ಫ್ರೇಜರ್ ಟೌನ್ ದಾಟಿದೆ’ ಎಂಬ ಸುಳ್ಳು ನಾಲಿಗೆಯ ತುದಿಗೆ ಬಂದು ಒಣಗಿತು.

“ಅಮ್ಮಾ, ಇನ್ನೂ ಕತ್ತರಿಸೇ ಇಲ್ಲ.”

“ಹೌದಾ? ಹಳೇದನ್ನೇ ಹಾಕ್ಕೊಂಡು ಹೋಗ್ತೀನಿ ಬಿಡಪ್ಪ. ತರೋರಿಗೆ ಅಂತ ಟೀ ಸೋಸಿಟ್ಟಿದ್ದೆ.”

ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಅಷ್ಟರಲ್ಲಿ ಎರಡನೆಯ ಮೆಸೇಜೂ ತಾನಾಗಿಯೇ ಹೋಯಿತು: ‘ತಲುಪಿದೆ. ಹೊಲಿಗೆ ಹೇಗಿದೆ, ತಿಳಿಸಿ.’