ಏರಿ ಕಟ್ಟುವವರ ಸುರುಳಿ

ನನ್ನ ತಮ್ಮ ಯಾನ್ ಅರಮನೆಯ ಚರಿತ್ರೆಕಾರ. ನಮ್ಮಪ್ಪನೂ ಅದೇ, ತಾತನೂ ಅದೇ. ಆ ಮನೆತನದಲ್ಲಿ ಹುಟ್ಟಿಯೂ ಅಕ್ಷರ ಬಾರದವಳು ನಾನೊಬ್ಬಳೇ. ಆ ಕೊರತೆ ತುಂಬಲೆಂದೋ ಏನೋ, ನನ್ನ ಬಾಯಿ ಸ್ವಲ್ಪ ದೊಡ್ಡದು.

ಹಿರಿಯ ದೊರೆ ಸತ್ತ ಮೇಲೆ ಅವನ ಮಗ ಪಟ್ಟಕ್ಕೆ ಬಂದ. ಅಪ್ಪನ ಚರಿತ್ರೆಯನ್ನು ಪಿತೃಗಳ ಗುಡಿಯಲ್ಲಿ ಗಟ್ಟಿಯಾಗಿ ಓದಿಸಿದ. ಬಿದಿರಿನ ಪಟ್ಟಿಗಳ ಸುರುಳಿಯಲ್ಲಿ ಅದನ್ನು ಬರೆದವನು ಯಾನ್. ‘ಪ್ರಜೆಗಳನ್ನು ಹೆತ್ತ ಮಕ್ಕಳಂತೆ ಸಾಕಿದ’ ಎಂಬ ಮಾತು ಕಿವಿಗೆ ಬಿದ್ದಾಗ ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಶತ್ರು ಸೈನ್ಯಕ್ಕೆ ಹೆದರಿ ಹಳದಿ ನದಿಯ ಏರಿ ಕಡಿಸಿ, ಗ್ವಾನ್‌ಪೋ ಊರನ್ನೇ ಮುಳುಗಿಸಿದವನು ಅದೇ ಮಹಾರಾಯ. ನನ್ನ ಗಂಡ ಗು ಷೆಂಗ್, ನನ್ನ ಮಗ, ಇಬ್ಬರೂ ಅಲ್ಲಿದ್ದರು. ನಾನು ತವರಿಗೆ ಬಂದಿದ್ದೆ, ಉಳಿದುಕೊಂಡೆ. ಏರಿಯ ಮೇಲಿದ್ದ ಸೈನಿಕನೊಬ್ಬ ಬಂದು ನಮ್ಮಿಬ್ಬರ ಮುಂದೆ ಕಂಡದ್ದನ್ನೆಲ್ಲ ಹೇಳಿ ಅತ್ತಿದ್ದ. ಅರಮನೆಯವರು ಮಾತ್ರ ನದಿಯೇ ಮುನಿಯಿತು ಎಂದು ಸಾರಿಸಿದರು.

ಮನೆಗೆ ಬಂದವಳೇ ತಮ್ಮನನ್ನು ಹಿಡಿದುಕೊಂಡೆ.

“ಹೆತ್ತ ಮಕ್ಕಳಂತೆ! ಬರೆಯೋಕೆ ಕೈ ಹೇಗೆ ಬಂತೋ ನಿಂಗೆ? ನಿನ್ನ ಭಾವ ಮರ್ತೇ ಹೋದ್ನಾ?”

“ಅಕ್ಕಾ, ಮೆತ್ತಗೆ.”

“ಯಾಕೆ, ತಲೆ ಹೋಗುತ್ತೆ ಅಂತ ಭಯಾನಾ?”

“ಹೂಂ, ಭಯಾನೇ. ತಲೆ ಹೋದ್ಮೇಲೆ ಬರೆಯೋದು ಯಾರು?”

“ಬರ್ದು ಕಡಿದು ಗುಡ್ಡೆ ಹಾಕಿದ್ದು ಸಾಕು. ಬೇರೆ ಏನಾದ್ರೂ ಮನಸ್ಸಲ್ಲಿದ್ರೆ ಬೊಗಳು.”

“ಗಡಿಗೆ ಬಾಯಿಗಾದ್ರೆ ಮುಚ್ಚಳ ಇದೆ ಕಣಕ್ಕಾ. ನಿನ್ನ ಬಾಯಿಗೆ ಎಲ್ಲಿಂದ ತರ್ಲಿ?”

“ಹಾಗಾ? ನನ್ನ ಗಂಡನ ಸಾವು ನಿನ್ನ ಬಿದಿರಿನ ಮೇಲೆ ಬರೋವರೆಗೂ ನನ್ನ ಕೈಯಾರೆ ನಿಂಗೆ ಒಂದು ತುತ್ತು ಬಡಿಸಲ್ಲ. ತಿಳ್ಕೋ.”

ಹೇಳಿದಂತೆಯೇ ನಡೆದೆ. ನವಣೆ ಗಂಜಿ ಬೇಯಿಸಿ, ಮಡಕೆಯನ್ನು ನಡುಮನೆಯಲ್ಲಿಟ್ಟು ಬೆನ್ನು ತಿರುಗಿಸುತ್ತಿದ್ದೆ. ಅವನೇ ಬಡಿಸಿಕೊಂಡು, ಅರ್ಧ ಚೆಲ್ಲಿಕೊಂಡು ಉಣ್ಣುತ್ತಿದ್ದ. ಒಂದು ದಿನವೂ ಬೇಡಿಕೊಳ್ಳಲಿಲ್ಲ. ಹಟ ನನ್ನೊಬ್ಬಳ ಸ್ವತ್ತಲ್ಲವಲ್ಲ, ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು.

ಚಳಿಗಾಲದಲ್ಲಿ ಮಂತ್ರಿ ಪೇ ಉಳಿದ ಸುರುಳಿಗಳ ತಪಾಸಣೆಗೆ ಮನೆಗೇ ಬಂದ. ಸೇನಾಪತಿಗಳ ಚರಿತ್ರೆಯನ್ನು ಸಾಲು ಸಾಲು ಓದಿ, ಒಬ್ಬನ ಕುಡಿತದ ವಿಷಯವನ್ನು ಚಾಕುವಿನಿಂದ ಕೆರೆಸಿ ಹಾಕಿದ. ಆಮೇಲೆ ನದಿ, ಏರಿಗಳ ವಿಷಯ ಬರೆದಿದ್ದ ಸುರುಳಿ ಬಿಚ್ಚಿದ. ನಾನು ಬಿಸಿ ಮದ್ಯ ತಂದಿಟ್ಟೆ. ಆ ಚಳಿಯಲ್ಲೂ ಯಾನ್ ಮೇಲಂಗಿ ಕಳಚಿಟ್ಟ. ಜ್ವರವಿರಬೇಕು ಅಂದುಕೊಂಡೆ.

“ಏನಯ್ಯಾ ಇದು? ಏರಿ ಎಷ್ಟಗಲ, ಮಣ್ಣು ಯಾವುದು, ಹುಲ್ಲು ಎಲ್ಲಿ ತುಂಬಬೇಕು... ಓದ್ತಾ ಕೂತ್ರೆ ಇಲ್ಲೇ ಗೊರಕೆ ಹೊಡೀತೀನಿ.”

“ಏರಿ ಕಟ್ಟೋರಿಗೆ ಉಪಯೋಗ ಆಗ್ಲಿ ಅಂತ ಬರ್ದೆ, ಬುದ್ಧೀ.”

“ಹಾಗಾದ್ರೆ ಅವರೇ ಕೇಳಿಸ್ಕೊಳ್ಲಿ. ನಕಲು ಮಾಡಿಸಿ ಎಲ್ಲಾ ಏರಿಗೂ ಕಳಿಸು. ಕೆಲಸ ಶುರುವಾಗೋ ಮುಂಚೆ ಆಳುಗಳಿಗೆ ಓದಿ ಹೇಳ್ಲಿ.”

ಮಿಕ್ಕದ್ದನ್ನು ಓದದೆಯೇ ಮುದ್ರೆ ಒತ್ತಿ, ಮದ್ಯ ಮುಗಿಸಿ ಎದ್ದುಹೋದ.

ವಸಂತದಲ್ಲಿ ಏರಿಯ ಬಿಟ್ಟಿ ಕೆಲಸಕ್ಕೆ ಮನೆಗೊಬ್ಬರು ಹೋಗಬೇಕು. ನಮ್ಮ ಮನೆಯಿಂದ ನಾನೇ ಹೋದೆ. ಬುಟ್ಟಿ ಪಕ್ಕಕ್ಕಿಟ್ಟು ಕುಳಿತೆವು. ಏರಿಯ ಅಧಿಕಾರಿ ರಾಗವಾಗಿ ಸುರುಳಿ ಓದತೊಡಗಿದ. ಅರ್ಧ ಜನ ತೂಕಡಿಸುತ್ತಿದ್ದರು.

‘ಗ್ವಾನ್‌ಪೋ ಏರಿ ನೀರಿಗೆ ಒಡೆದದ್ದಲ್ಲ. ನೀರಿಗೆ ಒಡೆದರೆ ಅಂಚು ಹರಿದ ಬಟ್ಟೆಯಂತಿರುತ್ತದೆ. ಇಲ್ಲಿ ಅಂಚು ನೇರವಾಗಿತ್ತು. ಹಿರಿಯ ದೊರೆಯ ಆಜ್ಞೆಯಂತೆ ಗುದ್ದಲಿಯಿಂದ ಕಡಿದದ್ದು. ಶತ್ರು ಆಗಲೇ ಹಿಮ್ಮೆಟ್ಟಿದ್ದ. ಊರವರಿಗೆ ತಿಳಿಸಿರಲಿಲ್ಲ. ದೋಣಿಗಾರ ಗು ಷೆಂಗ್ ಮಗನನ್ನು ಹೆಗಲ ಮೇಲೆ ಹೊತ್ತು ಏರಿಯತ್ತ ಓಡಿದ, ತಲುಪಲಿಲ್ಲ. ಇಂಥ ಒಡಕಿಗೆ ಮೊದಲು ಹುಲ್ಲಿನ ಕಂತೆ, ಆಮೇಲೆ ಜೇಡಿಮಣ್ಣು ತುಂಬಬೇಕು.’

ಅಧಿಕಾರಿ ತಡವರಿಸಿದ. ಸುರುಳಿಯ ತುದಿ ತಿರುಗಿಸಿ ಮುದ್ರೆ ನೋಡಿದ. ಮಂತ್ರಿಯದೇ ಮುದ್ರೆ. ಮುಂದಕ್ಕೆ ಓದಿದ. ತೂಕಡಿಸುತ್ತಿದ್ದವರೆಲ್ಲ ತಲೆಯೆತ್ತಿದ್ದರು.

ಆ ದೋಣಿಗಾರ ನನ್ನ ಗಂಡ ಎಂದು ಕೂಗಲು ನನ್ನ ಬಾಯಿ ತೆರೆದೇ ಬಿಟ್ಟಿತ್ತು. ಕೂಗಿದ್ದರೆ ನದಿಯುದ್ದಕ್ಕೂ ಆ ಸುರುಳಿಗಳೆಲ್ಲ ಒಲೆಗೆ, ತಮ್ಮನ ಕತ್ತು ಕತ್ತಿಗೆ. ಅಂಗಿಯ ತೋಳನ್ನು ಬಾಯಿಗೆ ತುರುಕಿಕೊಂಡೆ. ಇಡೀ ದಿನ ಮಣ್ಣು ಹೊತ್ತೆ, ಒಂದು ಮಾತೂ ಆಡಲಿಲ್ಲ. ಎದೆ ಮಾತ್ರ ಹಬ್ಬದ ನಗಾರಿಯಂತೆ ಬಡಿಯುತ್ತಿತ್ತು.

ಸಂಜೆ ಯಾನ್ ಬಂದು ಕುಳಿತ. ಅವನ ಬಟ್ಟಲನ್ನು ಕೈಗೆತ್ತಿಕೊಂಡು, ಗಂಜಿ ತುಂಬಿಸಿ, ಮುಂದಿಟ್ಟೆ. ಅವನು ಬಟ್ಟಲು ನೋಡಿದ, ನನ್ನನ್ನು ನೋಡಿದ.

“ಯಾಕಕ್ಕಾ? ಏನಾಯ್ತು?”

“ಏನೂ ಇಲ್ಲ. ಗಡಿಗೆಗೆ ಮುಚ್ಚಳ ಸಿಕ್ತು ಕಣೋ. ಉಣ್ಣು.”